ಕಾಲಿನ ತಪ್ಪೋ ಗಾಡಿಯ ತಪ್ಪೋ

ಅಪ್ಪ ಆ ಗಾಡಿಯನ್ನು ಭಟ್ಕಳದಿಂದ ತಂದ ದಿನ ನಮ್ಮೂರು ತದಡಿಯಲ್ಲಿ ನಗದವರೇ ಇರಲಿಲ್ಲ. ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನು. ಅಪ್ಪ ಬಹಳ ವರ್ಷ ಮೀನು ಮುಟ್ಟಿಸುತ್ತಿದ್ದ ಸಾಹೇಬರೊಬ್ಬರು ಮನೆಮಂದಿಯನ್ನೆಲ್ಲ ಕಟ್ಟಿಕೊಂಡು ದುಬೈಗೆ ಹೊರಟಾಗ ಬಿಟ್ಟುಕೊಟ್ಟದ್ದು ಅದು. ತೊಂಬತ್ತರ ದಶಕದ ಕೊನೆಯಲ್ಲಿ ರಸ್ತೆಗೆ ಇಳಿದ, ಪೆಟ್ರೋಲಿನ, ಎತ್ತರದ ಗಾಡಿ. ಹತ್ತಲು ಬಾಗಿಲ ಕೆಳಗೆ ಮೆಟ್ಟಿಲಿನಂತೆ ಒಂದು ಪಟ್ಟಿ, ಹಿಂದೆ ಬೆನ್ನಿಗೆ ಕಟ್ಟಿಕೊಂಡ ಸ್ಟೆಪ್ನಿ ಟಯರು. ಸಾಹೇಬರ ಮನೆಯಲ್ಲಿ ಅದರ ಸೀಟಿಗೆ ಬಿಳಿ ಬಟ್ಟೆಯ ಗವಸು ಇತ್ತಂತೆ. ನಮ್ಮ ಮನೆಗೆ ಬಂದ ಮರುದಿನವೇ ಅದರ ಮೇಲೆ ಮೀನಿನ ಬುಟ್ಟಿ ಕೂತಿತು.

ಅಪ್ಪನಿಗೆ ಈ ಗಾಡಿ ಯಾಕೆ ಬೇಕಿತ್ತು ಎಂದು ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಅವನು ಬೋಟಿನ ತಾಂಡೇಲನಾಗಿದ್ದವನು. ಎಂದರೆ ನೀರಿಗಿಳಿದ ಮೇಲೆ ಎಲ್ಲಿ ಬಲೆ ಬಿಡಬೇಕು, ಯಾವಾಗ ತಿರುಗಬೇಕು ಎನ್ನುವುದೆಲ್ಲ ಅವನ ಮಾತಿನಂತೆಯೇ ನಡೆಯಬೇಕು. ಒಂದು ದಿನ ಅದೇ ಬೋಟಿನ ಮೇಲೆ ಜಾರಿ ಬಿದ್ದು ಬಲಗಾಲಿನ ಮೂಳೆ ಮುರಿಯಿತು. ಒಳಗೆ ರಾಡು ಹಾಕಿದರು. ಕಾಲು ಕೂಡಿತು, ಆದರೆ ಡಾಕ್ಟರು, ಮೊದಲಿನ ಶಕ್ತಿ ಬರುವುದು ಕಷ್ಟ, ಇನ್ನು ಸಮುದ್ರ ಬೇಡ ಎಂದುಬಿಟ್ಟರು. ಆಮೇಲೆ ಅಪ್ಪ ಜಗಲಿಯಲ್ಲಿ ಕೂತು ಕಾಗೆಗಳಿಗೂ ಕೋಳಿಗಳಿಗೂ ಬೈಯುತ್ತ ದಿನ ಕಳೆದ. ಅವನ ಕಾಟಕ್ಕೆ ಕೋಳಿಗಳು ಪಕ್ಕದ ಮನೆಯಲ್ಲಿ ಮೊಟ್ಟೆ ಇಡಲು ಶುರುಮಾಡಿದ್ದವು.

ಗಾಡಿ ಬಂದದ್ದೇ ಮನುಷ್ಯ ಬದಲಾದ. ನಮ್ಮ ಕೇರಿಯ ಹೆಂಗಸರು ದಿನಾ ಬೆಳಿಗ್ಗೆ ಮೀನು ಹೊತ್ತು ಕುಮಟೆ ಮಾರ್ಕೆಟ್ಟಿಗೆ ಟೆಂಪೋದಲ್ಲಿ ಹೋಗುತ್ತಿದ್ದರು. ಆಯಿ, ಎಂದರೆ ನನ್ನ ಅಮ್ಮನೂ, ಅವರಲ್ಲಿ ಒಬ್ಬಳು. ನಾನು ಆಗ ಕುಮಟೆಯಲ್ಲಿ ಹುಡುಗಿಯರಿಗೆ ಹೊಲಿಗೆ ಕಲಿಸುತ್ತಿದ್ದೆ. ಅಪ್ಪ ನಮ್ಮನ್ನೆಲ್ಲ ಗಾಡಿಯಲ್ಲಿ ತುಂಬಿಕೊಂಡು ಹೊರಟ. ಮುಂದೆ ಅವನ ಪಕ್ಕದಲ್ಲಿ ಆಯಿ, ಹಿಂದೆ ನಾವು, ನಮ್ಮ ಹಿಂದೆ ತಾಡಪತ್ರಿ ಹಾಸಿ ಬುಟ್ಟಿಗಳು. ಹೊರಡುವ ಮೊದಲು ಕನ್ನಡಿಯಲ್ಲಿ ನೋಡಿ, "ಎಲ್ಲಾ ಹತ್ತಿದ್ರಾ?" ಎಂದು ಕೇಳುವಾಗ ಅವನ ದನಿ ಹಳೆಯ ಬೋಟಿನ ದನಿಯೇ. ಹೆಂಗಸರು ಅವನನ್ನು ಮತ್ತೆ ತಾಂಡೇಲರೇ ಎಂದು ಕರೆಯತೊಡಗಿದರು. ಅರ್ಧ ಚೇಷ್ಟೆ, ಅರ್ಧ ಪ್ರೀತಿ. ಅಪ್ಪ ಅದನ್ನು ಪೂರ್ತಿ ಪ್ರೀತಿಯೆಂದೇ ತೆಗೆದುಕೊಳ್ಳುತ್ತಿದ್ದ.

ಗಾಡಿಯನ್ನು ಅವನು ನೋಡಿಕೊಂಡದ್ದೂ ಬೋಟಿನಂತೆಯೇ. ನಮ್ಮಲ್ಲಿ ಮಳೆಗಾಲಕ್ಕೆ ಮೊದಲು ದೋಣಿಗಳನ್ನು ದಡಕ್ಕೆಳೆದು ಮರಕ್ಕೆ ಮೀನೆಣ್ಣೆ ಹಚ್ಚುತ್ತಾರೆ. ತಾರ್ಲಿ ಮೀನನ್ನು ಕುದಿಸಿ ತೆಗೆದ ದಪ್ಪ ಎಣ್ಣೆ ಅದು. ಅದರ ನಾತ ಹೊರಗಿನವರಿಗೆ ತಡೆಯಲಾಗದು, ನಮಗೆ ಮಾತ್ರ ಅದು ಮಳೆ ಬರುವ ಮೊದಲಿನ ವಾಸನೆ. ಉಪ್ಪುಗಾಳಿಗೆ ಗಾಡಿಯ ತಗಡು ತುಕ್ಕು ಹಿಡಿಯುತ್ತದೆ ಎಂದು ಅಪ್ಪ ಒಂದು ಮೇ ತಿಂಗಳಲ್ಲಿ ಅದರಡಿ ಮಲಗಿ ಇಡೀ ಹೊಟ್ಟೆಗೆ ಮೀನೆಣ್ಣೆ ಬಳಿದ. ಬಾನೆಟ್ಟು ಎತ್ತಿ ಅದರೊಳಗೂ ಕೈಗೆ ಸಿಕ್ಕ ಕಡೆಗೆಲ್ಲ ಹಚ್ಚಿದ. ಕುಮಟೆಯಲ್ಲಿ ನಾನು ಗಾಡಿಯಿಂದ ಇಳಿದರೆ ನನ್ನ ಹೊಲಿಗೆಯ ಹುಡುಗಿಯರು ಮೂಗು ಮುಚ್ಚಿಕೊಂಡು ನಗುತ್ತಿದ್ದರು. ನನಗೆ ಸಿಟ್ಟು ಬರುತ್ತಿತ್ತು, ಅವರ ಮೇಲಲ್ಲ, ಅಪ್ಪನ ಮೇಲೆ.

ಆ ಮಳೆಗಾಲ ಮುಗಿದು ದೀಪಾವಳಿಯ ಹೊತ್ತಿಗೆ ತೊಂದರೆ ಶುರುವಾಯಿತು. ಮೊದಲ ಸಲ ಮಾದನಗೇರಿಯಲ್ಲಿ, ನಮ್ಮ ರಸ್ತೆ ಹೈವೇ ಸೇರುವಲ್ಲಿ. ಅಪ್ಪ ಬ್ರೇಕು ಒತ್ತಿದ, ಇಂಜಿನ್ ಗಕ್ಕನೆ ನಿಂತಿತು. ಕೀ ತಿರುಗಿಸಿದರೆ ಮತ್ತೆ ಶುರುವಾಯಿತು. ಕ್ಲಚ್ಚು ಬೇಗ ಬಿಟ್ಟಿರಬೇಕು ಎಂದುಕೊಂಡೆವು. ಆಮೇಲೆ ವಾರದಲ್ಲಿ ಒಂದೆರಡು ಸಲ, ಆಮೇಲೆ ದಿನವೂ. ಅದರ ಜೊತೆಗೆ ಸ್ಟಿಯರಿಂಗಿನ ಹಿಂದೆ ಒಂದು ಹಳದಿ ದೀಪ ಹೊತ್ತಿಕೊಂಡು ಆರದೆ ಉಳಿಯಿತು. ಅದು ಬ್ರೇಕಿಗೆ ಸಂಬಂಧಪಟ್ಟ ದೀಪ ಎಂದಷ್ಟೇ ನಮಗೆ ಗೊತ್ತು. ಇವೆರಡಕ್ಕಿಂತ ಕೆಟ್ಟದ್ದು ಅಪ್ಪ ಯಾರಿಗೂ ಹೇಳದೆ ಒಳಗೇ ಇಟ್ಟುಕೊಂಡದ್ದು: ಬ್ರೇಕಿನ ಪೆಡಲು ಒಮ್ಮೊಮ್ಮೆ ಕಲ್ಲಿನಂತೆ ಗಟ್ಟಿಯಾಗುತ್ತಿತ್ತು, ಎಷ್ಟು ಒತ್ತಿದರೂ ಕೆಳಗೆ ಹೋಗುತ್ತಿರಲಿಲ್ಲ.

ಕುಮಟೆಯ ಗ್ಯಾರೇಜಿನವನು ಪ್ಲಗ್ಗು ತೊಳೆದ, ಗಾಳಿಯ ಫಿಲ್ಟರು ಬದಲಿಸಿದ, ಬ್ರೇಕಿನ ಪ್ಯಾಡುಗಳನ್ನು ಹೊಸದು ಹಾಕಿದ. ಆಮೇಲೆ ಇಂಜಿನ್ನಿನ ರೇಸನ್ನು ಸ್ವಲ್ಪ ಏರಿಸಿ ಇಟ್ಟ. ನಿಂತಲ್ಲೇ ಗುರ್ ಎನ್ನುತ್ತಿದ್ದ ಗಾಡಿ ಕೆಲವು ದಿನ ನಿಲ್ಲಲಿಲ್ಲ. ಹಳದಿ ದೀಪದ ಬಗ್ಗೆ ಕೇಳಿದರೆ, "ಅದ್ರ ಬಲ್ಬು ತೆಗ್ದು ಹಾಕ್ವಾ? ಕಂಡ್ರೆ ತಾನೇ ತಲೆಬಿಸಿ" ಎಂದ. ಅಪ್ಪ ಅದಕ್ಕೆ ಒಪ್ಪಲಿಲ್ಲ. ಸಮುದ್ರದಲ್ಲಿ ದೀಪ ಆರಿಸಿ ಹೋಗುವವನು ತಾನಲ್ಲ ಎಂದು ದೊಡ್ಡದಾಗಿ ಹೇಳಿ ಬಂದ.

ಆದದ್ದು ಮಿರ್ಜಾನದಲ್ಲಿ. ಸೇತುವೆಯ ಕಡೆಗೆ ಇಳಿಯುವಾಗ ಮುಂದಿದ್ದ ಲಾರಿ ಇದ್ದಕ್ಕಿದ್ದಂತೆ ನಿಂತಿತು. ಅಪ್ಪ ಬ್ರೇಕು ಒತ್ತಿದ. ಇಂಜಿನ್ ಸತ್ತಿತು. ಗಾಡಿ ಮಾತ್ರ ಹೋಗುತ್ತಲೇ ಇತ್ತು. ಹಿಂದೆ ಕೂತ ನನಗೆ ಕಂಡದ್ದು ಅಪ್ಪನ ಬೆನ್ನು. ಅವನು ಸೀಟಿನಿಂದ ಅರ್ಧ ಎದ್ದು ಎರಡೂ ಕಾಲು ಹಾಕಿ ಪೆಡಲಿನ ಮೇಲೆ ನಿಂತಿದ್ದ. ಲಾರಿಯ ಹಿಂಭಾಗಕ್ಕೆ ಇನ್ನೇನು ತಾಗಬೇಕು ಎನ್ನುವಾಗ ಗಾಡಿ ನಿಂತಿತು. ಬುಟ್ಟಿಗಳು ಮಗುಚಿ ಬಂಗಡೆಗಳೆಲ್ಲ ನಮ್ಮ ಕಾಲಡಿಗೆ ಬಂದವು. ಯಾರಿಗೂ ಗಾಯವಾಗಲಿಲ್ಲ.

ಹೆಂಗಸರು ಇಳಿದು ಮೀನು ಹೆಕ್ಕಿಕೊಂಡರು. ಬೈದಿದ್ದರೆ ಚೆನ್ನಾಗಿತ್ತು. ಬೈಗುಳಕ್ಕೆ ನಮ್ಮ ಕೇರಿಯಲ್ಲಿ ಬರವಿಲ್ಲ, ಅಪ್ಪನೂ ತಿರುಗಿ ಬೈಯುತ್ತಿದ್ದ, ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಅವರಲ್ಲಿ ಎಲ್ಲರಿಗಿಂತ ಹಿರಿಯಳಾದ ದೊಡ್ಡಮ್ಮ ಅಪ್ಪನ ಹತ್ತಿರ ಬಂದು ಮೆಲ್ಲಗೆ, "ತಮ್ಮಾ, ಬೇಜಾರ ಮಾಡ್ಕಬೇಡ. ನಿನ್ನ ಕಾಲು ಪೂರಾ ಗುಣ ಆಗ್ಲಿ. ಮತ್ತೆ ಬತ್ತೇವು ನಾವು" ಎಂದಳು. ಅಪ್ಪ ತಲೆ ಅಲ್ಲಾಡಿಸಿದ. ಅಷ್ಟು ಒಳ್ಳೆಯ ಮಾತು ಅಷ್ಟು ನೋಯಿಸಬಹುದು ಎಂದು ನನಗೆ ಗೊತ್ತಾದದ್ದು ಆ ದಿನ.

ಮರುದಿನದಿಂದ ಹೆಂಗಸರು ಟೆಂಪೋ ಹತ್ತಿದರು. ಆಯಿಯೂ ಅವರ ಜೊತೆ ಹೋದಳು. ಅದನ್ನು ನನಗೆ ತಡೆದುಕೊಳ್ಳಲಾಗಲಿಲ್ಲ. ಒಲೆಯ ಮುಂದೆ ನಿಂತು, "ಊರಿನವ್ರು ಹೋದ್ರು ಸೈ. ನಿಂಗೆ ಎಂತ ಆತು? ಗಂಡನ ಗಾಡಿ ಬಿಟ್ಟು ಟೆಂಪೋದಲ್ಲಿ ನೇತಾಡ್ಕಂಡು ಹೋಗ್ತ್ಯಲ್ಲ, ನಾಚ್ಕೆ ಆಗೂದಿಲ್ವಾ?" ಎಂದು ಕೂಗಾಡಿದೆ. ಆಯಿ ಸಾರಿಗೆ ಉಪ್ಪು ಹಾಕುತ್ತ, "ಟೆಂಪೋದಲ್ಲಿ ಜಾಗ ಇರ್ತದೆ" ಎಂದಳು, ಅಷ್ಟೆ. ನಾನು ಹಟ ಹಿಡಿದು ಅಪ್ಪನ ಜೊತೆಗೇ ಹೋದೆ. ಅಷ್ಟು ದೊಡ್ಡ ಗಾಡಿಯಲ್ಲಿ ನಾವಿಬ್ಬರೇ. ಅಪ್ಪ ಕನ್ನಡಿ ನೋಡುವುದನ್ನೂ, ಎಲ್ಲಾ ಹತ್ತಿದ್ರಾ ಎಂದು ಕೇಳುವುದನ್ನೂ ಬಿಟ್ಟ.

ಗ್ಯಾರೇಜಿಗೆ ಇನ್ನೊಮ್ಮೆ ತೋರಿಸು ಎಂದರೆ ಕೇಳುತ್ತಿರಲಿಲ್ಲ. ನಾಳೆ ನೋಡುವಾ, ಹಬ್ಬ ಕಳೆಯಲಿ, ಹೀಗೇ ಏನಾದರೊಂದು. ಸೋಮಾರಿತನ ಎಂದುಕೊಂಡು ನಾನು ಕಿರಿಕಿರಿ ಮಾಡುತ್ತಿದ್ದೆ. ಒಂದು ಸಂಜೆ ಬಟ್ಟೆ ತರಲು ಹಿತ್ತಲಿಗೆ ಹೋದಾಗ ಅಪ್ಪ ತೆಂಗಿನ ಮರದ ಎದುರು ಮುರಿದ ಕುರ್ಚಿಯಲ್ಲಿ ಕೂತಿದ್ದ. ಬಲಗಾಲನ್ನು ಚಾಚಿ ಮರಕ್ಕೆ ಒತ್ತುತ್ತಿದ್ದ. ಒತ್ತುವುದು, ಬಿಡುವುದು, ತೊಡೆ ಮುಟ್ಟಿ ನೋಡುವುದು, ಮತ್ತೆ ಒತ್ತುವುದು. ಮುಖವೆಲ್ಲ ಬೆವರು. ನಾನು ಸದ್ದು ಮಾಡದೆ ಹಿಂದೆ ಬಂದೆ. ಅವನು ಗ್ಯಾರೇಜಿಗೆ ಯಾಕೆ ಹೋಗುತ್ತಿಲ್ಲ ಎನ್ನುವುದು ಆಗ ಹೊಳೆಯಿತು. ಗಾಡಿ ಸರಿಯಾಗಿಯೇ ಇದೆ ಎಂದು ಯಾರಾದರೂ ಹೇಳಿಬಿಟ್ಟರೆ ಆಮೇಲೆ ಉಳಿಯುವುದು ಕಾಲೊಂದೇ. ಕಾಲು ಹೋಯಿತು ಎಂದರೆ ಮತ್ತೆ ಜಗಲಿ, ಮತ್ತೆ ಕಾಗೆ, ಕೋಳಿ.

ನನಗೆ ಅಳು ಬಂತು. ಅಳು ಬಂದರೆ ನನಗೆ ಅದರ ಹಿಂದೆಯೇ ಸಿಟ್ಟು ಬರುತ್ತದೆ. ಮರುದಿನ ಕ್ಲಾಸಿಗೆ ರಜೆ ಹಾಕಿ ಗಾಡಿಯಲ್ಲಿ ಹೋಗಿ ಕೂತೆ. "ಭಟ್ಕಳಕ್ಕೆ ನಡಿ. ಸಾಹೇಬ್ರ ಕಾಲ್ದಿಂದ ಈ ಗಾಡಿ ರಿಪೇರಿ ಮಾಡ್ದ ಮೇಸ್ತ್ರಿ ಅಲ್ಲಿ ಇದ್ನಲ್ಲ, ಅವ್ನಿಗೆ ತೋರ್ಸುವಾ. ನೀ ಬರದಿದ್ರೆ ನಾನೇ ನಡೆಸ್ಕಂಡು ಹೋಗ್ತೆ" ಎಂದೆ. ನನಗೆ ಲೈಸೆನ್ಸು ಮಾಡಿಸಿಕೊಟ್ಟವನು ಅಪ್ಪನೇ, ಆದರೆ ಆ ಗಾಡಿಯ ಕೀಯನ್ನು ಮಾತ್ರ ಒಮ್ಮೆಯೂ ನನ್ನ ಕೈಗೆ ಕೊಟ್ಟಿರಲಿಲ್ಲ. ಆ ಬೆದರಿಕೆಗೆ ಮಣಿದು ಹೊರಟ.

ದಾರಿಯುದ್ದಕ್ಕೂ ಬ್ರೇಕು ಮುಟ್ಟದೆ, ಗೇರು ಇಳಿಸಿ ಇಳಿಸಿಯೇ ನಿಧಾನ ಮಾಡುತ್ತ ನಡೆಸಿದ. ಹೊನ್ನಾವರದಲ್ಲಿ ಚಾ ಕುಡಿಯಲು ನಿಂತರೂ ಇಂಜಿನ್ ಆರಿಸಲಿಲ್ಲ. ಶರಾವತಿಯ ಸೇತುವೆಯ ಮೇಲೆ ನಮ್ಮ ಹಿಂದೆ ಬಸ್ಸು, ಲಾರಿ ಎಲ್ಲ ಸಾಲುಗಟ್ಟಿ ಹಾರನ್ನು ಹೊಡೆಯುತ್ತಿದ್ದವು. ನಾನು ಕಿಟಕಿಯಿಂದ ಕೈ ಹೊರಹಾಕಿ ಹಿಂದಿನವನಿಗೆ ಏನೋ ಅಂದೆ. ಏನು ಎಂದು ಇಲ್ಲಿ ಬರೆಯುವುದಿಲ್ಲ. ಅಪ್ಪ ಬಹಳ ದಿನಗಳ ಮೇಲೆ ಸಣ್ಣಗೆ ನಕ್ಕ.

ಭಟ್ಕಳದ ಮೇಸ್ತ್ರಿ ಮಸ್ಕತ್ತಿನಲ್ಲಿ ಬಹಳ ವರ್ಷ ದೊಡ್ಡ ಗಾಡಿಗಳ ಕೆಲಸ ಮಾಡಿ ಬಂದವರು. ಹಾಗೆಂದು ಅವರೇ ಮೊದಲ ಮಾತಿಗೆ ಹೇಳಿಕೊಂಡರು, ಎರಡನೆಯ ಮಾತಿಗೂ ಹೇಳಿಕೊಂಡರು. ಮನೆಯಲ್ಲಿ ನವಾಯತಿ ಭಾಷೆ ಆಡುವವರು, ನಮ್ಮ ಜೊತೆ ಮಾತ್ರ ಕನ್ನಡ. ಸ್ಟೂಲಿನಿಂದ ಏಳದೆ ಕೇಳಿದರು: "ಎಂತ ಕಾಕಾ, ಎಂತ ಆಗ್ತದೆ ಗಾಡಿಗೆ?"

ಅಪ್ಪ ಲುಂಗಿ ಸ್ವಲ್ಪ ಎತ್ತಿ ಕಾಲಿನ ಹೊಲಿಗೆಯ ಗುರುತು ತೋರಿಸಿದ. "ನಂದು ಈ ಕಾಲು ಮುರ್ದು ರಾಡು ಹಾಕಿದ್ರು. ಬ್ರೇಕು ಒತ್ತುಕೆ ತ್ರಾಣ ಸಾಕಾಗೂದಿಲ್ಲ ಕಾಣ್ತದೆ..."

"ಅರೇ ಕಾಕಾ, ಕಾಲಿನ ಡಾಕ್ಟ್ರು ಬಸ್ ಸ್ಟ್ಯಾಂಡ್ ಹತ್ರ ಇದಾರೆ. ನಾನು ಕೇಳಿದ್ದು ಗಾಡಿದು."

ನಾನು ನಡುವೆ ಬಾಯಿ ಹಾಕಿ ಎಲ್ಲ ಹೇಳಿದೆ. ಬ್ರೇಕು ಒತ್ತಿದಾಗಲೇ ನಿಲ್ಲುವುದು, ರೇಸು ಏರಿಸಿದಾಗ ಕೆಲವು ದಿನ ಸುಮ್ಮನಿದ್ದದ್ದು, ಹಳದಿ ದೀಪ. ಪೆಡಲು ಗಟ್ಟಿಯಾಗುವುದನ್ನು ಅಪ್ಪ ಆಗಷ್ಟೇ ಬಾಯಿಬಿಟ್ಟ. ಮೇಸ್ತ್ರಿ ಎದ್ದು ಬಂದು ಬಾನೆಟ್ಟು ತೆರೆದು, ಕುಮಟೆಯವನು ಏರಿಸಿದ್ದ ರೇಸನ್ನು ಮೊದಲಿನ ಮಟ್ಟಕ್ಕೆ ಇಳಿಸಿದರು. ಇಂಜಿನ್ ನಡುಗತೊಡಗಿತು. ಅಪ್ಪ ಬಾಗಿಲ ಕಡೆ ಹೊರಟರೆ ಅವನನ್ನು ತಡೆದು ನನಗೆ ಹೇಳಿದರು, "ತಂಗೀ, ನೀನು ಕೂತ್ಕೋ. ಗೇರು ಬೇಡ. ಬರೀ ಬ್ರೇಕ್ ಒತ್ತು."

ಹೊಲಿಗೆ ಮಿಷನ್ನು ತುಳಿದು ತುಳಿದು ನನ್ನ ಕಾಲು ಗಟ್ಟಿ. ಆ ಧೈರ್ಯದಲ್ಲಿ ಒತ್ತಿದೆ. ಪೆಡಲು ಒಂದಿಷ್ಟು ಕೆಳಗೆ ಹೋಯಿತು, ಇಂಜಿನ್ ಒಮ್ಮೆ ಬಿಕ್ಕಳಿಸಿ ಸತ್ತಿತು. ಇನ್ನೊಮ್ಮೆ ಒತ್ತಿದೆ. ಮತ್ತೊಮ್ಮೆ. ಪೆಡಲು ಕಲ್ಲು. ಇಡೀ ಮೈಯ ಭಾರ ಹಾಕಿದರೂ ಅದು ನನ್ನನ್ನೇ ಹಿಂದಕ್ಕೆ ನೂಕುತ್ತಿತ್ತು.

ಅಪ್ಪ ಕಿಟಕಿಯ ಹತ್ತಿರ ಬಂದು ನಿಂತಿದ್ದ. "ಮತ್ತೊಂದ್ಸಲ ಒತ್ತು" ಎಂದ. ಕೀ ತಿರುಗಿಸಿ ಒತ್ತಿದೆ. ಸತ್ತಿತು. "ಮತ್ತೊಂದ್ಸಲ." ಸತ್ತಿತು. "ಗಟ್ಟಿ ಅದ್ಯಾ?" ಎಂದು ಕೇಳಿದ. ಗಟ್ಟಿ ಅದೆ ಅಪ್ಪಾ ಎಂದೆ. "ನಿಂಗೂ ಗಟ್ಟಿ ಅದ್ಯಾ?" ಎಂದು ಮತ್ತೆ ಕೇಳಿದ. ಅವನು ಹಾಗೇ ಕೇಳುತ್ತ ಹೋದ, ನಾನು ಹಾಗೇ ಒತ್ತುತ್ತ ಹೋದೆ. ಕೊನೆಗೆ ಮೇಸ್ತ್ರಿಯೇ, "ಸಾಕು, ಬ್ಯಾಟ್ರಿ ತಿಂತೀರಿ ಅಪ್ಪ ಮಗಳು ಸೇರಿ" ಎಂದು ಗದರಿದರು. ಅಪ್ಪ ಹೆಗಲ ಟವೆಲ್ಲು ತೆಗೆದು ಮುಖ ಒರೆಸಿಕೊಳ್ಳುತ್ತ ಆಚೆ ತಿರುಗಿದ. ತನ್ನ ಗಾಡಿ ಕೆಟ್ಟದ್ದಕ್ಕೆ ಅಷ್ಟು ಸಂತೋಷಪಟ್ಟ ಮನುಷ್ಯನನ್ನು ನಾನು ಮತ್ತೆ ಕಂಡಿಲ್ಲ.

ಮೇಸ್ತ್ರಿ ವಿವರಿಸಿದ್ದು ಹೀಗೆ. ಇಷ್ಟು ಭಾರದ ಗಾಡಿಯನ್ನು ಮನುಷ್ಯನ ಕಾಲೊಂದೇ ನಿಲ್ಲಿಸುವುದಿಲ್ಲ. ಪೆಡಲಿನ ಹಿಂದೆ ಒಂದು ದುಂಡನೆಯ ಡಬ್ಬಿ ಇರುತ್ತದೆ. ಇಂಜಿನ್ ಒಂದು ರಬ್ಬರಿನ ಪೈಪಿನಿಂದ ಅದರೊಳಗಿನ ಗಾಳಿಯನ್ನು ಎಳೆದುಕೊಳ್ಳುತ್ತದೆ, ಆ ಎಳೆತವೇ ಕಾಲಿಗೆ ಬಲ ಕೊಡುತ್ತದೆ. ಪೈಪು ತೂತಾದರೆ ಎರಡು ಕಡೆ ನಷ್ಟ. ಬೇಡದ ಗಾಳಿ ಇಂಜಿನ್ನಿಗೆ ಹೊಕ್ಕು, ರೇಸು ಇಳಿದು ಬ್ರೇಕು ಒತ್ತಿದ ಹೊತ್ತಿಗೆ ಅದು ನಿಲ್ಲುತ್ತದೆ. ಡಬ್ಬಿಯಲ್ಲಿ ಎಳೆತವಿಲ್ಲದೆ ಪೆಡಲು ಕಲ್ಲಾಗುತ್ತದೆ. "ಪೈಲ್ವಾನ ಕೂತ್ರೂ ಅಷ್ಟೇ ಕಾಕಾ" ಎಂದರು. ಅಪ್ಪ ಆ ಪೈಲ್ವಾನನ ಮಾತನ್ನು ಎರಡು ಸಲ ಹೇಳಿಸಿಕೊಂಡ.

ಪೈಪು ಹುಡುಕಲು ಬಗ್ಗಿದ ಮೇಸ್ತ್ರಿ ಥಟ್ಟನೆ ಮೂಗು ಮುಚ್ಚಿಕೊಂಡು ಹಿಂದೆ ಸರಿದರು. "ಎಂತ ನಾತ ಇದು? ಇಂಜಿನ್ ಮೇಲೆ ಮೀನು ಹುರಿದ್ರಾ?"

ಅಪ್ಪ ಎದೆ ಸೆಟೆಸಿ ಹೇಳಿದ, "ಮೀನೆಣ್ಣೆ. ನಾನೇ ಹಚ್ಚಿದ್ದು. ನೋಡಿ, ಎಲ್ಲಾದ್ರೂ ತುಕ್ಕು ಅದ್ಯಾ?"

ಮೇಸ್ತ್ರಿ ಟಾರ್ಚು ಹಚ್ಚಿ ಇಂಜಿನ್ನಿನ ಹಿಂಬದಿಗೆ ಬೆಳಕು ಬಿಟ್ಟರು. ಅಲ್ಲೊಂದು ಗೂಡು ಇತ್ತು. ತೆಂಗಿನ ನಾರು, ಮೀನಿನ ಮುಳ್ಳು, ಅದರ ನಡುವೆ ನನ್ನ ಹೊಲಿಗೆಯ ಬಟ್ಟೆ ಚೂರುಗಳು. ಪಕ್ಕದಲ್ಲೇ ಹಾದುಹೋದ ರಬ್ಬರಿನ ಪೈಪಿನ ಅಡಿಭಾಗವನ್ನು ಇಲಿ ಕಚ್ಚಿ ಕಚ್ಚಿ ತೆಗೆದಿತ್ತು. ಮೇಲಿನಿಂದ ನೋಡಿದರೆ ಪೈಪು ಸರಿಯಾಗಿಯೇ ಕಾಣುತ್ತಿತ್ತು, ಕುಮಟೆಯವನಿಗೆ ಕಂಡಿರಲಿಕ್ಕಿಲ್ಲ. ಆಮೇಲೆ ಮುಂದಿನ ಎಡಚಕ್ರದ ಹತ್ತಿರ ಬಗ್ಗಿ ಇನ್ನೊಂದು ತೋರಿಸಿದರು. ಚಕ್ರ ಎಷ್ಟು ಜೋರಾಗಿ ತಿರುಗುತ್ತಿದೆ ಎಂದು ನೋಡಿಕೊಳ್ಳುವ ಸೆನ್ಸರ್ ಒಂದು ಅಲ್ಲಿರುತ್ತದೆ. ಅದರ ವೈರನ್ನೂ ಇಲಿ ತಿಂದಿತ್ತು. ಹಳದಿ ದೀಪ ಹೊತ್ತಿದ್ದು ಅದಕ್ಕೆ. ಇಂಜಿನ್ ನಿಲ್ಲುವುದಕ್ಕೂ ಆ ದೀಪಕ್ಕೂ ಒಳಗೆ ಸಂಬಂಧವೇ ಇಲ್ಲ, ಎರಡನ್ನೂ ಕೂಡಿಸಿದ್ದು ಇಲಿಯ ಹಲ್ಲು.

"ಇಲಿಗೆ ಊಟ ಹಚ್ಚಿ ಇಟ್ಟಿದ್ರಿ ಕಾಕಾ" ಎಂದರು ಮೇಸ್ತ್ರಿ. "ಮಸ್ಕತ್ತಲ್ಲಿ ಇಷ್ಟು ವರ್ಷ ಕೆಲ್ಸ ಮಾಡ್ದೆ, ಗಾಡಿಗೆ ಮೀನೆಣ್ಣೆ ಹಚ್ಚಿದವ್ರು ಯಾರೂ ಸಿಗ್ಲಿಲ್ಲ." ನಾನು ನಗು ತಡೆಯಲಾರದೆ ಅಲ್ಲಿದ್ದ ಟಯರಿನ ಮೇಲೆ ಕೂತುಬಿಟ್ಟೆ. ಅಪ್ಪ ಮೊದಲು ಮುಖ ಊದಿಸಿದ, ಆಮೇಲೆ ಅವನೂ ನಕ್ಕ.

ಸಂಜೆಯೊಳಗೆ ಹೊಸ ಪೈಪು ಕೂತಿತು. ವೈರು ಜೋಡಿಸಿ, ಎಣ್ಣೆ ಹಿಡಿದಿದ್ದ ಸೆನ್ಸರನ್ನು ಒರೆಸಿ ಹಾಕಿದರು. ಗಾಡಿಯ ಹೊಟ್ಟೆಗೆ ಸೋಪು ನೀರು ಹೊಡೆದು ತೊಳೆದರು. ಹಳದಿ ದೀಪ ಆರಿತು. ವಾಪಸು ಬರುವಾಗ ಅಪ್ಪ ಬ್ರೇಕು ಒತ್ತಿದ್ದೇ ಒತ್ತಿದ್ದು. ನಾಯಿ ಕಂಡರೆ ಬ್ರೇಕು, ಬಸ್ ಸ್ಟಾಪು ಕಂಡರೆ ಬ್ರೇಕು, ಏನೂ ಇಲ್ಲದ ರಸ್ತೆಯಲ್ಲೂ ಬ್ರೇಕು. ಹೊನ್ನಾವರ ದಾಟುವ ಹೊತ್ತಿಗೆ ನನಗೆ ವಾಂತಿ ಬರುವಂತಾಗಿತ್ತು.

"ಕೇರಿಯವ್ರಿಗೆ ಇಲಿ ಪೈಪು ತಿಂತು ಅಂತ ಹೇಳಿದ್ರೆ ಸಾಕು. ಮೀನೆಣ್ಣೆ ಸುದ್ದಿ ಎತ್ತಬೇಡ, ವರ್ಷಗಟ್ಲೆ ನಗ್ತಾರೆ" ಎಂದೆ.

ಅಪ್ಪ ರಸ್ತೆ ನೋಡುತ್ತಲೇ, "ಅರ್ಧ ಹೇಳಿದ್ರೆ ಉಳಿದರ್ಧ ಅವ್ರು ನನ್ನ ಕಾಲಿಗೇ ಹಚ್ತಾರೆ. ನಗ್ಲಿ" ಎಂದ.

ನಕ್ಕರು. ಮನೆಯ ಮುಂದೆ ಗಾಡಿ ನಿಲ್ಲಿಸಿ ಅವನು ಎಲ್ಲರನ್ನೂ ಕರೆದು, ಕಡಿದ ಪೈಪನ್ನು ಕೈಯಲ್ಲಿ ಹಿಡಿದು, ಮೀನೆಣ್ಣೆಯಿಂದ ಹಿಡಿದು ಪೈಲ್ವಾನನವರೆಗೆ ಒಂದನ್ನೂ ಬಿಡದೆ ಹೇಳಿದ. ದೊಡ್ಡಮ್ಮ ಸೆರಗು ಬಾಯಿಗೆ ಒತ್ತಿ ನಕ್ಕು ನಕ್ಕು ಕೆಮ್ಮು ಹತ್ತಿಸಿಕೊಂಡಳು. ಆಯಿ ಬಾಗಿಲಲ್ಲಿ ನಿಂತು ಕೇಳಿದಳು. ನಗಲಿಲ್ಲ. ಒಳಗೆ ಹೋಗಿ ಅನ್ನಕ್ಕೆ ಇಟ್ಟಳು.

ಮರುದಿನ ಬೆಳಿಗ್ಗೆ ಹೆಂಗಸರು ಬುಟ್ಟಿ ಹಿಡಿದು ಬಂದರು. ಒಬ್ಬೊಬ್ಬರೇ ಹತ್ತಿ ತಮ್ಮ ತಮ್ಮ ಜಾಗದಲ್ಲಿ ಕೂತರು. ಮುಂದಿನ ಸೀಟಿನಲ್ಲಿ ಯಾರೂ ಕೂರಲಿಲ್ಲ. ಆಯಿ ಬುಟ್ಟಿ ಸೊಂಟಕ್ಕಿಟ್ಟುಕೊಂಡು ಅಂಗಳದ ಮೆಟ್ಟಿಲಲ್ಲೇ ನಿಂತಿದ್ದಳು. ಇಳಿದುಹೋದವಳು ಕರೆಯದೆ ಹತ್ತುವುದು ಹೇಗೆ ಎಂದು ಅವಳಿಗೆ. ಕರೆಯುವುದು ಹೇಗೆ ಎಂದು ಅಪ್ಪನಿಗೆ. ಗಾಡಿ ಗುರುಗುಟ್ಟುತ್ತ ನಿಂತೇ ಇತ್ತು. ಕೊನೆಗೆ ಅಪ್ಪನೇ ಕಿಟಕಿಯ ಕಡೆ ಬಾಗಿ, "ಎಂತ, ನಿಂಗೆ ಇನ್ನೂ ಹೆದ್ರಿಕೆ ಹೋಗ್ಲಿಲ್ವಾ?" ಎಂದ. ಎಲ್ಲರ ಎದುರು ಕೇಳಿದ್ದು ನನಗೆ ಹಿಡಿಸಲಿಲ್ಲ.

ಆಯಿ ಮೆಟ್ಟಿಲಿಳಿದು ಗಾಡಿಯ ಹತ್ತಿರ ಬಂದಳು. "ನಂಗೆ ಗಾಡಿ ಹೆದ್ರಿಕೆ ಯಾವತ್ತೂ ಇರ್ಲಿಲ್ಲ" ಎಂದಳು. "ಆವತ್ತು ಮಿರ್ಜಾನದಲ್ಲಿ ಇವ್ರೆಲ್ಲ ನಿಮ್ಮ ಬೆನ್ನು ನೋಡಿದ್ರು. ನಾನು ಪಕ್ಕದಲ್ಲಿ ಕೂತು ನಿಮ್ಮ ಮೋರೆ ನೋಡ್ದೆ. ನಾನು ನೋಡ್ದದ್ದು ನಿಮ್ಗೂ ಗೊತ್ತಾತು. ಕಾಲು ಸೋತದ್ದು ಊರೆಲ್ಲ ನೋಡಿದ್ರೂ ನೀವು ತಡ್ಕಂತಿದ್ರಿ, ಹೆಂಡ್ತಿ ನೋಡೂದು ನಿಮ್ಗೆ ತಡ್ಕಂಬುಕೆ ಆಗೂದಿಲ್ಲ. ಮತ್ತೆ ಹಾಗೇ ಆದ್ರೆ ನಾನು ಅಲ್ಲಿ ಇರೂದೇ ಬೇಡ ಅಂತ ಟೆಂಪೋ ಹತ್ತಿದ್ದು."

ಒಲೆಯ ಮುಂದೆ ನಾನು ಕೂಗಾಡಿದ್ದಷ್ಟಕ್ಕೂ ಅವಳು ಇದನ್ನು ಹೊಟ್ಟೆಯಲ್ಲಿಟ್ಟುಕೊಂಡು ಉಪ್ಪು ಹಾಕುತ್ತಿದ್ದಳು. ಅಪ್ಪ ಎದುರಿನ ಗಾಜನ್ನೇ ನೋಡುತ್ತಿದ್ದ. ಆಮೇಲೆ ಎಡಗೈ ಚಾಚಿ ಅವಳ ಬದಿಯ ಬಾಗಿಲನ್ನು ಒಳಗಿನಿಂದ ತೆರೆದ. ಆಯಿ ಬುಟ್ಟಿಯನ್ನು ನನ್ನ ಕೈಗೆ ದಾಟಿಸಿ ಹತ್ತಿ ಕೂತಳು.

ಮಿರ್ಜಾನದ ಇಳಿತ ಬಂದಾಗ ಮುಂದೆ ಲಾರಿಯೂ ಇರಲಿಲ್ಲ, ದನವೂ ಇರಲಿಲ್ಲ. ಅಪ್ಪ ಬ್ರೇಕಿನ ಮೇಲೆ ಕಾಲಿಟ್ಟ. ಗಾಡಿ ಮೆತ್ತಗೆ ನಿಧಾನವಾಯಿತು, ಇಂಜಿನ್ ನಡೆಯುತ್ತಲೇ ಇತ್ತು. ಆಯಿ ಅವನ ಕಾಲಿನ ಕಡೆ ನೋಡಲಿಲ್ಲ. ಪೂರ್ತಿ ಅವನ ಕಡೆ ತಿರುಗಿ, ಸೇತುವೆ ದಾಟುವವರೆಗೂ ಅವನ ಮುಖವನ್ನೇ ನೋಡುತ್ತ ಕೂತಳು. ಅಪ್ಪ ನೋಡಗೊಟ್ಟ.